ಉಂಡು ಬಂದವರ ತೀರ್ಮಾನ

ದೇವಾಪುರ
೯-೮-೧೯೯೪, ಮಂಗಳವಾರ

ಸಭಾಧ್ಯಕ್ಷರೇ, ಪಂಚರೇ, ಅಕ್ಕಿಕಾಳು ಹಿಡಿದು ಕಾದು ನಿಂತ ಮಹಾಜನಗಳೇ, ಇವರೆಲ್ಲರ ಬದಲಿಗೆ ನಾರಾಯಣಪುರದ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಒಬ್ಬರೇ ಕೂತು ಇದನ್ನು ಓದುತ್ತಿರುವ ನಮ್ಮ ಮನೆಯವರೇ,

ಶರಣು. ಆರೋಗ್ಯ ಹೇಗಿದೆ? ಕಾಲುವೆಗೆ ನೀರು ಬಿಟ್ಟಾಗಿನಿಂದ ನಿಮಗೆ ಗೇಟಿನ ಹತ್ತಿರ ರಾತ್ರಿಪಾಳಿ. ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಮೊಣಕಾಲಿಗೆಂದು ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತೀರೋ, ಕಿಟಕಿಯಲ್ಲಿಟ್ಟು ಪೂಜೆ ಮಾಡುತ್ತೀರೋ? ಇಲ್ಲಿ ಆಡು ಎರಡು ಮರಿ ಹಾಕಿದೆ, ತಾಯಿ ಮಕ್ಕಳು ಕ್ಷೇಮ. ನಾನೂ ಕ್ಷೇಮವಾಗಿಯೇ ಇದ್ದೆ, ನಿಮ್ಮ ಪತ್ರ ಬರುವ ತನಕ.

ನಿಮ್ಮ ಜೊತೆ ಕೆಲಸ ಮಾಡುವ ಪರಮಣ್ಣ ನಮ್ಮ ಮಗಳು ರೇಣಿಗೆ ಸಂಬಂಧ ತಂದ, ಸಂತೋಷ. ಗಂಡಿನ ಕಡೆಯವರು ಬಂದು ಹೋದ ಮೇಲೆ ಅವನು ಹೇಳಿದ್ದನ್ನೆಲ್ಲ ನೀವು ಹಾಗೇ ಬರೆದು ಕಳಿಸಿದ್ದೀರಿ: "ಬದನೆಕಾಯಿ ಸಪ್ಪಗಿತ್ತಂತ. ಹುಡುಗಿ ಭಾಳ ಉಣ್ತಾಳಂತ. ಇನ್ನೊಮ್ಮೆ ಕರಿಯೂಣು, ಈ ಸಲ ಕೈ ಬಿಗಿ ಹಿಡಿದು ಉಣ್ಣಂತ ರೇಣಿಗೆ ಹೇಳು." ರಜೆ ಸಿಗದೆ ನೀವು ಅಂದು ಬರಲಿಲ್ಲ. ಬರದವರಿಗೆ ಬಂದವರ ಮಾತೇ ಪ್ರಮಾಣ. ಹಾಗಾಗಿ ಇದ್ದವಳು ಹೇಳುತ್ತೇನೆ, ಕೇಳಿ.

ಮುಂಜಾನೆಯೇ ಬರುತ್ತೇವೆ ಎಂದಿದ್ದರು ಯಾದಗಿರಿಯವರು. ರೇಣಿ ಕೋಳಿ ಕೂಗುವ ಮೊದಲೇ ಎದ್ದು ಒಲೆ ಹಚ್ಚಿದಳು. ನೋಡಲು ಬಂದವರು ಉಣ್ಣುವ ತನಕ ಅಡುಗೆ ಮಾಡಿದವಳು ಉಪ್ಪು ಸಹ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ನಮ್ಮ ಮನೆಯ ರೀತಿ, ನಿಮ್ಮ ತಾಯಿಯೇ ಕಲಿಸಿದ್ದು. ಅವರು ಬಂದದ್ದು ಹೊತ್ತು ವಾಲಿದ ಮೇಲೆ. ದಾರಿಯಲ್ಲಿ ಶಹಾಪುರದ ಅವರ ಬೀಗರು ಕೋಳಿ ಕೊಯ್ಸಿ ಉಣಿಸಿ ಕಳಿಸಿದ್ದರಂತೆ. ನಮ್ಮ ತಾಟಿನ ಮುಂದೆ ಕೂತು ಮೊದಲು ತೇಗಿದರು, ಆಮೇಲೆ ತೀರ್ಪು ಕೊಟ್ಟರು. ಹುಡುಗನ ಸೋದರತ್ತೆ ಲಾಲಮ್ಮ ಎಣ್ಣೆಗಾಯಿಯ ತುದಿ ಮುಟ್ಟಿ "ಸಪ್ಪಗದ" ಅಂದಳು. ಹುಡುಗ ನೀಲಕಂಠ ಹೋಳಿಗೆಯ ಒಂದು ಮೂಲೆ ಮುರಿದು "ಭಾಳ ಸಿಹಿ" ಎಂದು ಸರಿಸಿದ.

ಉಂಡು ಬಂದವರ ಬಾಯಿಗೆ
ಉಪ್ಪಿಲ್ಲವಂತೆ ಕಾಯಿಗೆ!

(ಪ್ರಾಸ ತಾನೇ ಬಂತು, ನಾನು ಕರೆದಿಲ್ಲ.)

ಆಮೇಲೆ ಲಾಲಮ್ಮ ಬೆಲ್ಲದಂಥ ದನಿಯಲ್ಲಿ "ಬಾ ತಂಗಿ, ನನ್ನ ಬಾಜೂಕ ಕೂಡು, ನೀನೂ ಉಣ್ಣು" ಅಂದಳು. ಬೆಳಗಿನಿಂದ ಬರೀ ಹೊಗೆ ಕುಡಿದ ಹುಡುಗಿ ಕೂತಳು. ಕೈ ರೊಟ್ಟಿಯನ್ನು ದಾಟಿ ನೆಟ್ಟಗೆ ಹೋಳಿಗೆಗೆ, ತುಪ್ಪಕ್ಕೆ ಹೋಯಿತು. ಹೋಗದೆ? ಹೊಟ್ಟೆ ಖಾಲಿ ಇದ್ದಾಗ ಮಿದುಳು ಮರ್ಯಾದೆ ಹುಡುಕುವುದಿಲ್ಲ, ಸಿಹಿ ಹುಡುಕುತ್ತದೆ. ನೀವೇ ಹಸಿದು ಸುರಪುರದ ಸಂತೆಗೆ ಹೋದ ದಿನ ಜಿಲೇಬಿ, ಚೂಡಾ ಹೊತ್ತು ಬಂದು ಬೇಳೆ ಮರೆಯುತ್ತೀರಿ. ಉಂಡು ಹೋದ ದಿನ ಉಪ್ಪು, ಮೆಂತ್ಯ ತಂದು ದೊಡ್ಡ ಸಂಸಾರಸ್ಥರಾಗುತ್ತೀರಿ. ನಿಮ್ಮನ್ನು ಯಾರಾದರೂ ಹೊಟ್ಟೆಬಾಕ ಅಂದಿದ್ದಾರೆಯೇ? ಲಾಲಮ್ಮ ಮಾತ್ರ ಎಲ್ಲರಿಗೂ ಕೇಳುವಂತೆ ಅಂದಳು: "ಅಯ್ಯ, ಈಕಿ ಬಂದ್ರ ನಮ್ಮ ಜ್ವಾಳ ತುಂಬಿದ ಹಗೇವು ದೀಪಾವಳಿಗೇ ಖಾಲಿ!" ಎಲ್ಲರೂ ನಕ್ಕರು. ರೇಣಿಯ ಕೈ ತಾಟಿನಲ್ಲೇ ನಿಂತಿತು.

ಇನ್ನು ಆ ಸಪ್ಪನೆಯ ಬದನೆಕಾಯಿಯ ಕಥೆ. ಹೋಗುವಾಗ ಬುತ್ತಿ ಕಟ್ಟಿಕೊಡಬೇಕಲ್ಲ, ಅದನ್ನೇ ಡಬ್ಬಿಗೆ ತುಂಬಿ ಕೊಟ್ಟಿದ್ದೆ. ಮರುದಿನ ಕಂಡಕ್ಟರ್ ಸೂಗಪ್ಪ ಡಬ್ಬಿ ವಾಪಸು ತಂದ, ನಗುತ್ತಲೇ ಇದ್ದ. ಶಹಾಪುರದಾಚೆ ಟಾಯರ್ ಒಡೆದು ಬಸ್ಸು ಬಹಳ ಹೊತ್ತು ನಿಂತಿತಂತೆ. "ಅಕ್ಕಾರ, ಯಾರ ಕೈ ಅಡಿಗಿರಿ ಅದು? ಅತ್ತಿ-ಅಳಿಯ ಇಬ್ರೂ ಡಬ್ಬಿಗೆ ಜಗಳಾಡಿದ್ರು, ಮಸಾಲಿ ಬಳಿದು ಬಳಿದು ತಿಂದ್ರು!" ಅದೇ ಬದನೆಕಾಯಿ, ಅದೇ ನಾಲಿಗೆ, ನಡುವೆ ಹಸಿವು ಬಂದು ಉಪ್ಪು ಹಾಕಿತ್ತು. ಇತ್ತ ರೇಣಿಗೆ ಉಳಿದ ಹೋಳಿಗೆ ಕೊಟ್ಟರೆ "ಬ್ಯಾಡವ್ವ, ರೊಟ್ಟಿ ಪುಂಡಿಪಲ್ಯ ಸಾಕು" ಎಂದಳು. ನೋಡಿ ನಿಮ್ಮ ಹೊಟ್ಟೆಬಾಕಿಯನ್ನು!

ಇಷ್ಟಾದರೆ ನಕ್ಕು ಬಿಡುತ್ತಿದ್ದೆ. ಆದರೆ ನಿಮ್ಮ ಪತ್ರವನ್ನು ಓದಿ ಹೇಳಿದವಳು ರೇಣಿಯೇ, ಅಂದು ನನ್ನ ಕನ್ನಡಕ ಒಡೆದು ರಿಪೇರಿಗೆ ಹೋಗಿತ್ತು. ಅಂದಿನಿಂದ ಒಂದೇ ರೊಟ್ಟಿಗೆ ಏಳುತ್ತಾಳೆ. "ಹೊಟ್ಟಿ ತುಂಬೇದವ್ವ" ಅನ್ನುತ್ತಾಳೆ, ಆಮೇಲೆ ಕೊಡದ ಹತ್ತಿರ ನಿಂತು ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ. ಹೊಲದಲ್ಲಿ ನನ್ನ ಸಮ ಕಳೆ ಕೀಳುವ ಹುಡುಗಿ, ಅಪ್ಪ ಬರೆದ ಅಳತೆಗೆ ತನ್ನ ಹೊಟ್ಟೆ ಕತ್ತರಿಸಿಕೊಳ್ಳುತ್ತಿದ್ದಾಳೆ. ನಿಮಗೆ ಇದು ಸರಿ ಕಾಣುತ್ತದೆಯೇ?

ಅವರನ್ನು ಇನ್ನೊಮ್ಮೆ ಕರೆಯುವುದೋ ಬೇಡವೋ, ಯೋಚಿಸಿ ಬರೆಯಿರಿ. ನೀವು ಹಿರಿಯರು, ನಿಮ್ಮ ಮಾತಿಗೆ ಕಾದಿರುತ್ತೇನೆ. ಬರೆಯುವ ಮೊದಲು ಹೊಟ್ಟೆ ತುಂಬ ಉಣ್ಣಬೇಡಿ. ರೇಣಿ ನಮಸ್ಕಾರ ಹೇಳಿದ್ದಾಳೆ, ಆಡು ಏನೂ ಹೇಳಿಲ್ಲ. ಮೈ ಕಾಯ್ದುಕೊಳ್ಳಿ.

ನಿಮ್ಮವಳು,
ಭೀಮಾಬಾಯಿ, ಬಿ.ಎ.

ತಾ.ಕ.: ಕಾದಿರುತ್ತೇನೆ ಅಂದದ್ದು ಸುಳ್ಳು. ಈ ಸಂಬಂಧ ಬ್ಯಾಡ ಅಂತ ನಿನ್ನೆಯೇ ಸೂಗಪ್ಪನ ಕೂಡ ಯಾದಗಿರಿಗೆ ಹೇಳಿ ಕಳಿಸೀನಿ. ಪರಮಣ್ಣಗ ನೀವೇ ತಿಳಿಸ್ರಿ. ರೇಣಿಗೆ ಇನ್ನೂ ಹೇಳಿಲ್ಲ. ಈಗ ಉಣ್ಣಾಕ ಕುಂತಾಳ, ಒಂದು ರೊಟ್ಟಿ ಮುಗಿಸಿ ಏಳೂದ್ರೊಳಗ ಹೇಳಬೇಕು. ನಿಲ್ಲಸ್ತೀನಿ.