ಖಾಲಿ ಬಿಟ್ಟ ಸಾಲು

ಪ್ರೀತಿಯ ಗೆಳತಿ ನಸ್ರೀನ್,

ಮಸೀದಿ ರಸ್ತೆಯ ನಿಮ್ಮ ಮನೆಯ ಮಹಡಿ ನೆನಪಾಗುತ್ತಿದೆ. ಭಾನುವಾರ ಬೆಳಿಗ್ಗೆ ನಾನು ಕೆ.ಆರ್. ಪುರದಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ನೀನು ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ಕೂತಿರುತ್ತಿದ್ದೆ. "ಲೈನ್ ಬಿಡ್ರೇ, ಮಾಮು ಫೋನ್ ಮಾಡ್ತಾರೆ" ಎಂದು ಕೆಳಗಿನಿಂದ ನಿಮ್ಮ ಅಮ್ಮಿಯ ಕೂಗು. ಸರ್ಕಾರ ತಡೆಹಿಡಿದ ಜಾಲತಾಣಗಳನ್ನು ಎಲ್ಲಿನ ಜನರೇ ಆಗಲಿ ಗುರುತು ಸಿಗದಂತೆ ಓದಬೇಕು, ಅದಕ್ಕೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶವೊಂದು ಬೇಕು ಎಂಬುದು ನಮ್ಮ ಹುಚ್ಚು. ಯಾರು ಕೇಳಿದ್ದರು ನಮ್ಮನ್ನು?

ತಂತ್ರಾಂಶವನ್ನು ಜಾಲಕ್ಕೆ ಬಿಟ್ಟ ಮೇಲೆ ಬಳಸಿದವರಿಂದ ಆ ಮೊದಲ ಸಂದೇಶ ಬಂದಾಗ ನೀನು ಕುಣಿದಾಡಿಬಿಟ್ಟಿದ್ದೆ. 'ಇಲ್ಲಿ ತಡೆದಿದ್ದ ತಾಣ ತೆರೆಯಿತು. ನಿಮ್ಮ ತಂತ್ರಾಂಶವನ್ನು ನಮ್ಮ ಭಾಷೆಗೆ ತರಲೇ?' ಹೆಸರಿಲ್ಲ, ಊರಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. ಯಾರದೋ ಮಗು ಇರಬೇಕೆಂದು ಅಮ್ಮಿ 'ಬಚ್ಚಾ' ಎಂದೇ ಹೆಸರಿಟ್ಟರು. ನೆರವಾದವರ ಪಟ್ಟಿಯಲ್ಲಿ ಏನೆಂದು ಬರೆಯಲಿ ಎಂದರೆ ಏನೂ ಬೇಡ ಎಂಬ ಉತ್ತರ ಬಂತು. "ಹಂಗಂತ ಬಿಟ್ಬಿಡೋಕಾಗುತ್ತಾ? ಒಂದು ಸಾಲು ಖಾಲಿ ಬಿಡೋಣ ಕಣೇ" ಎಂದೆ ನೀನು. ನಮ್ಮಿಬ್ಬರ ಹೆಸರಿನ ಕೆಳಗೆ ಖಾಲಿ ಸಾಲು ಬಂತು.

ನಮ್ಮ ತಂತ್ರಾಂಶದಲ್ಲಿದ್ದ ಆ ತಪ್ಪನ್ನು ನೀನು ಕಂಡುಹಿಡಿದ ಮಧ್ಯಾಹ್ನ ಅಮ್ಮಿ ಕಳಿಸಿದ ಚಹಾ ಆರಿಹೋಗಿತ್ತು. ಓದುವ ಪುಟ ಮರೆಯಲ್ಲೇ ಬರುತ್ತಿತ್ತು. ಆದರೆ ಯಾವ ತಾಣ ಬೇಕೆಂಬ ಮೊದಲ ಕೋರಿಕೆ ಬಯಲಲ್ಲೇ ಹೋಗುತ್ತಿತ್ತು. ಓದುವವರನ್ನು ಹಿಡಿಯಲು ಕಾವಲು ಕೂತವರಿಗೆ ಅಷ್ಟೇ ಸಾಕಿತ್ತು. ಅಂದೇ ಸರಿಪಡಿಸಿ ಎಲ್ಲರಿಗೂ ತಿಳಿಸಿದೆವು. ಬಚ್ಚಾ ಮಾತ್ರ ಉತ್ತರಿಸಲಿಲ್ಲ. ಅನುವಾದ ಅರ್ಧಕ್ಕೇ ನಿಂತಿತ್ತು. ವಿಚಾರಿಸೋಣ ಎಂದರೆ ಎಲ್ಲಿ? ಬಳಸುವವರ ಯಾವ ಗುರುತನ್ನೂ ಇಟ್ಟುಕೊಳ್ಳಬಾರದೆಂದು ಹಠ ಹಿಡಿದವಳು ನೀನೇ. ಸರಿಯಾಗಿಯೇ ಹಠ ಹಿಡಿದಿದ್ದೆ. ಅದಕ್ಕೇ...

ಆಮೇಲೆ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ನೀನು ನನ್ನನ್ನು ಕೇಳುತ್ತಿದ್ದುದು ಒಂದೇ. "ಏನಾದ್ರೂ ಬಂತಾ?" ಇಲ್ಲ ಎಂದರೆ ನೀನು ಗೋಡೆ ಕಡೆ ತಿರುಗುತ್ತಿದ್ದೆ. "ನಾವು ಒಳ್ಳೇದು ಮಾಡೋಕೆ ಹೋಗಿ ಯಾರನ್ನೋ ಹಿಡ್ಕೊಟ್ವೇನೇ?" ಎಂದೆ ಒಮ್ಮೆ. ನನಗೆ ಸಿಟ್ಟು ಬಂತು, ಅಳುವೂ ಬಂತು. ಉತ್ತರ ಬಂತು ಎಂದು ಸುಳ್ಳು ಹೇಳಿದ್ದರೆ ನೀನು ನಂಬುತ್ತಿರಲಿಲ್ಲ.

ಮೊನ್ನೆ ಭಾನುವಾರ ಅದೇ ಮಹಡಿಯಲ್ಲಿ ಕೂತು ನಮ್ಮ ತಂತ್ರಾಂಶದ ಪುಟ ತೆರೆದೆ. ನೀನು ಹೋಗಿ ವರ್ಷಗಳಾದ ಮೇಲೆ, ಅನುವಾದದ ಉಳಿದರ್ಧ ಬಂದಿದೆ ನಸ್ರೀನ್. ನಿಂತಿದ್ದ ಕಡೆಯಿಂದಲೇ ಶುರುವಾಗಿದೆ. ಒಂದು ಮಾತಿಲ್ಲ, ಹೆಸರಿಲ್ಲ. ಬಚ್ಚಾ ಇರಬಹುದು. ಆದರೆ ಎಲ್ಲಿ ನಿಂತಿತ್ತೆಂದು ಯಾರಿಗೆ ಬೇಕಾದರೂ ಕಾಣುತ್ತಿತ್ತಲ್ಲ, ನಾವೇ ಎಲ್ಲವನ್ನೂ ತೆರೆದಿಟ್ಟಿದ್ದೆವಲ್ಲ. ಅಯ್ಯೋ ಪಾಪ ಎಂದು ಇನ್ಯಾರೋ ಮುಗಿಸಿರಬಹುದು. ತಿಳಿಯುವ ದಾರಿ ಒಂದೂ ಇಲ್ಲ.

ಕೆಳಗೆ ಬಂದು ಅಮ್ಮಿಗೆ ಹೇಳಿದೆ.

"ಅದೇ ಬಚ್ಚಾನಾ?"

"ಗೊತ್ತಿಲ್ಲ ಅಮ್ಮಿ. ಗೊತ್ತಾಗೋದೂ ಇಲ್ಲ."

"ನಸ್ರೀನ್‌ಗೆ ಬರಿ ಬೇಟಾ. ಕಾಯ್ತಿರ್ತಾಳೆ" ಎಂದರು ಅಮ್ಮಿ.

ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವ ಮುಂಚೆ ಆ ಪಟ್ಟಿಯನ್ನು ತೆರೆದಿದ್ದೆ. ಬೇರೆ ಯಾರೋ ಮುಗಿಸಿದ್ದಾದರೆ ಅವರಿಗೂ ಒಂದು ಸಾಲು ಖಾಲಿ ಬಿಡಬೇಕು, ನಿನ್ನ ನಿಯಮ. ಬಿಟ್ಟರೆ ಬಚ್ಚಾ ಮರಳಲಿಲ್ಲವೆಂದು ನಾನೇ ಒಪ್ಪಿಕೊಂಡಂತೆ. ಕೈ ಬರಲಿಲ್ಲ ಕಣೇ. ಪಟ್ಟಿಯಲ್ಲಿ ಈಗಲೂ ಒಂದೇ ಸಾಲು ಖಾಲಿ ಇದೆ.

ನಿನ್ನ,
ಸುಮಾ