ಅತ್ತೆಗೆ ಗೊತ್ತಾಗಬಾರದು

ಮೆಲ್ಕಾರ್
೧೪ ನವೆಂಬರ್ ೨೦೨೪

ಪ್ರೀತಿಯ ಹಫ್ಸ,

ನಿನಗೆ, ನಿನ್ನ ಮನೆಯವರಿಗೆ, ಮಕ್ಕಳಿಗೆ ಅಮ್ಮಣ್ಣಿಯಕ್ಕನ ನೆನಪುಗಳು. ನೀನು ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದ್ದೇನೆ, ಒಂದಕ್ಕೂ ಉತ್ತರ ಕೊಡಲಿಲ್ಲ. ಕೋಪ ಮಾಡಬೇಡ ಮಾರಾಯ್ತಿ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಅಲ್ಲದೆ ಬಸ್ಸಿನಲ್ಲಿ, ಆಫೀಸಿನಲ್ಲಿ, ಎಲ್ಲ ಕಡೆ ಕಿವಿಗಳುಂಟು. ನಿನ್ನ ತಂಗಿ ಮಿಸ್ರಿಯಾ ಪಾಣೆಮಂಗಳೂರು ಪೇಟೆಯಲ್ಲಿ ಸಿಕ್ಕಿ, ನಾಡಿದ್ದು ದಮ್ಮಾಮಿಗೆ ಹೊರಡುತ್ತೇನೆ ಎಂದಳು. ಒಣಗಿಸಿದ ಪುನರ್ಪುಳಿ ಸಿಪ್ಪೆಯ ಜೊತೆ ಈ ಕಾಗದವನ್ನೂ ಅಂಟಿಸಿ ಅವಳ ಕೈಯಲ್ಲಿ ಕೊಡುತ್ತೇನೆ. ಓದಿ ಹರಿದುಬಿಡು.

ನಮ್ಮ ಕೆಲಸ ನಡೆಯುತ್ತಾ ಉಂಟು. ಹೆದ್ದಾರಿ ಕೆಲಸಕ್ಕೆ ಬಂದ ಹಿಂದಿ ಹುಡುಗರ ಶೆಡ್ಡುಗಳಿಗೆ ಹೋಗಿ ಎಚ್‌ಐವಿ ರಕ್ತಪರೀಕ್ಷೆ ಮಾಡಿಸುತ್ತೇವೆ. ನನ್ನ ಹಿಂದಿ ನಿನಗೆ ಗೊತ್ತುಂಟಲ್ಲ, ನಾನು ಬಾಯಿ ತೆರೆದರೆ ಹುಡುಗರು ಹೆದರಿ ಓಡುತ್ತಾರೆ. ಜೀಪು ಬಿಡುವ ಡೊಂಬಯ್ಯಣ್ಣ ಬೀಡಿ ಕೊಟ್ಟು ಮಾತಾಡಿಸಿ ವಾಪಸು ಕರೆದುಕೊಂಡು ಬರುತ್ತಾರೆ. ನಿನ್ನ ಜಾಗಕ್ಕೆ ಕೌನ್ಸೆಲರ್ ಆಗಿ ಬಂದ ಶಶಾಂಕ ಒಳ್ಳೆಯ ಹುಡುಗ. ಆದರೆ ಎದುರಿಗೆ ಕೂತವರು ಅಳಲಿಕ್ಕೆ ಶುರುಮಾಡಿದರೆ ಅವನು ನೀರು ತರಲು ಎದ್ದು ಹೋಗುತ್ತಾನೆ, ಬೇಗ ಬರುವುದೇ ಇಲ್ಲ. ನೀನು ಹಾಗಲ್ಲ, ಕೂತಲ್ಲೇ ಕೂತಿರುತ್ತಿದ್ದೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಒಂದು ಚಹಾ ಮಾಡಿ ಕುಡಿದು ಬಂದೆ. ಹೇಳಿಯೇ ಬಿಡುತ್ತೇನೆ. ನಮ್ಮ ಸಾತ್ವಿಕಾ ಇಲ್ಲ, ಹಫ್ಸ. ಸೆಪ್ಟೆಂಬರಿನಲ್ಲಿ ತೀರಿಕೊಂಡಳು.

ಅಜ್ಜಿ ಅವಳನ್ನು ಮೂಡುಬಿದಿರೆಯಿಂದ ಸೊಂಟದಲ್ಲಿ ಎತ್ತಿಕೊಂಡು ಬಂದದ್ದು ನಿನಗೆ ನೆನಪಿರಬಹುದು. ಅಪ್ಪ ಅಮ್ಮ ಇಬ್ಬರೂ ಅದೇ ಕಾಯಿಲೆಯಲ್ಲಿ ಹೋಗಿದ್ದರು, ಹುಟ್ಟುವಾಗಲೇ ಮಗುವಿಗೂ ಬಂದಿತ್ತು. ಮಾತ್ರೆ ಕಹಿ ಎಂದು ಉಗಿಯುತ್ತಿದ್ದವಳಿಗೆ ನೀನು ಬೆಲ್ಲದ ತುಂಡಿನಲ್ಲಿ ಅಡಗಿಸಿ ನುಂಗಿಸಿದೆ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ ಹುಡುಗಿ. ಡಿಗ್ರಿ ಮಾಡಿ ಮೆಲ್ಕಾರಿನ ಬಟ್ಟೆ ಅಂಗಡಿಗೆ ಸೇರಿದಳು. ಅಲ್ಲಿ ಎದುರಿನ ಮೊಬೈಲ್ ಅಂಗಡಿಯ ಜಿತೇಶ್ ಮದುವೆಯಾಗುವ ಎಂದಾಗ, ಅವನನ್ನು ಸೀದಾ ನಮ್ಮ ಆಫೀಸಿಗೇ ಕರೆದುಕೊಂಡು ಬಂದಳು. ‘ಎಲ್ಲ ಇವರೇ ಹೇಳ್ತಾರೆ, ಕೇಳಿ ಆಮೇಲೆ ಯೋಚನೆ ಮಾಡು’ ಎಂದಳು. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಕಾಣುವುದಿಲ್ಲ, ಗಂಡನಿಗೆ ದಾಟುವುದೂ ಇಲ್ಲ ಎಂದು ನೀನು ಅವನಿಗೆ ವಿವರಿಸಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಇವಳು ಮುದುಕಿಯಾಗುವವರೆಗೆ ಬದುಕ್ತಾಳಾ?’ ಮಾತ್ರೆ ಬಿಡದಿದ್ದರೆ ಬದುಕುತ್ತಾಳೆ ಎಂದೆವು.

ಅವಳ ಮದುವೆಗೆ ನಾವು ಹೋಗಲಿಲ್ಲ. ‘ನಿಮ್ಮನ್ನು ಕಂಡರೆ ಯಾರಾದರೂ ಗುರುತು ಹಿಡಿಯುತ್ತಾರೆ’ ಎಂದು ಅವಳೇ ಅತ್ತುಕೊಂಡು ಬೇಡ ಅಂದಿದ್ದಳಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಗೋಳಿಬಜೆ ತಿಂದು, ಇದೇ ನಮ್ಮ ಮದುವೆ ಊಟ ಎಂದು ನಕ್ಕೆವು.

ನೀನು ಹೋದ ಮೇಲೆ ಅಜ್ಜಿ ತೀರಿಕೊಂಡರು. ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ಆಯಿತು, ಬೆಳ್ತಂಗಡಿಯಿಂದ ಸ್ವಲ್ಪ ಒಳಗೆ. ಹೆಣ್ಣು ಮಗು. ಜಿತೇಶ್ ಅಂಗಡಿ ಬಿಟ್ಟು ಮಸ್ಕತ್ತಿಗೆ ಹೋಗಿದ್ದ. ಅವನಿದ್ದಷ್ಟು ದಿನ ಮಾತ್ರೆ ಅವನ ಕೈಯಿಂದಲೇ. ಹೋದ ಮೇಲೆ ಮನೆಯಲ್ಲಿ ಅವಳು, ಮಗು, ಅತ್ತೆ ವಾರಿಜಕ್ಕ. ಅತ್ತೆಗೆ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ಕೆಟ್ಟ ಹೆಂಗಸಲ್ಲ. ಕೆಟ್ಟವರಾಗಿದ್ದರೆ ಸೊಸೆಯನ್ನು ಅವಳಷ್ಟಕ್ಕೆ ಬಿಡುತ್ತಿದ್ದರೋ ಏನೋ. ಇವರು ಬಾಣಂತಿಯ ಮಂಚದ ಕೆಳಗೇ ಚಾಪೆ ಹಾಸಿದರು, ಅವಳು ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾದರು. ಲೇಹ್ಯ, ಕಷಾಯ ಬಿಟ್ಟು ಇಂಗ್ಲಿಷ್ ಮದ್ದು ಏನೂ ಹೊಟ್ಟೆಗೆ ಹೋಗಬಾರದು ಎಂದು ಅವರ ನಿಯಮ.

ಆದರೂ ಮಗುವಿಗೆ ಕಾಯಿಲೆ ದಾಟದಂತೆ ಆಸ್ಪತ್ರೆಯಲ್ಲಿ ಕೊಟ್ಟ ಸಿರಪ್ಪನ್ನು ಅವಳು ಬಿಡಲಿಲ್ಲ. ಹೊಟ್ಟೆನೋವಿನ ಮದ್ದು ಎಂದು ಹೇಳಿ ಅತ್ತೆಯ ಎದುರೇ ಹಾಕಿದಳು. ಮಾತ್ರೆ ಬಿಟ್ಟ ತನ್ನ ಹಾಲು ಮಗುವಿಗೆ ಹೋಗಬಾರದೆಂದು, ಹಾಲು ಬತ್ತಿತು ಎಂದು ಸುಳ್ಳು ಹೇಳಿ ಪುಡಿಹಾಲು ತರಿಸಿದಳು, ಒಳಗೆ ಸೆರಗು ಒದ್ದೆಯಾಗುತ್ತಿತ್ತಂತೆ. ಮಗುವಿಗೆ ಬೇಕಾದ ಸುಳ್ಳು ಎಲ್ಲ ಅವಳಿಗೆ ಬಂತು. ತನಗೆ ಬೇಕಾದ ಒಂದು ಸುಳ್ಳು ಬರಲಿಲ್ಲ.

ಮಾತ್ರೆ ತೆಗೆದುಕೊಂಡು ಹೋಗಲು ಬಾರದ್ದು ಕಂಡು ನಾನು ಹುಡುಕಿಕೊಂಡು ಹೋದೆ. ಮನೆಗೆ ಹೋಗುವ ಹಾಗಿರಲಿಲ್ಲ. ಅಂಗನವಾಡಿಗೆ ಮಗುವನ್ನು ಇಂಜೆಕ್ಷನ್ನಿಗೆ ತರುವ ದಿನ ತಿಳಿದುಕೊಂಡು ಅಲ್ಲಿ ಬೇಲಿಯ ಹತ್ತಿರ ನಿಂತೆ. ಅವಳ ಕೆನ್ನೆಯ ಮೂಳೆ ಎದ್ದಿತ್ತು.

‘ಎಷ್ಟು ದಿನ ಆಯ್ತು ಮಾತ್ರೆ ಬಿಟ್ಟು?’

‘ನಾಳೆಯಿಂದ ಶುರುಮಾಡ್ತೇನೆ ಅಮ್ಮಣ್ಣಿಯಕ್ಕ.’

‘ಅತ್ತೆಗೆ ಹೇಳುವ. ನೀನು ಹೂಂ ಅಂದರೆ ಸಾಕು, ನಾನೇ ಕೂತು ಹೇಳ್ತೇನೆ. ಜಿತೇಶನಿಗೆ ಹೇಳಿದ ಹಾಗೆಯೇ.’

ಅವಳು ನನ್ನ ಕೈ ಹಿಡಿದುಕೊಂಡಳು. ನೆರೆಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಎಂದು ಸುದ್ದಿ ಬಂದಾಗ ವಾರಿಜಕ್ಕ ಆ ಮನೆಯ ನೀರೂ ಮುಟ್ಟಬಾರದು ಎಂದಿದ್ದರಂತೆ. ‘ಅವರು ನನಗೆ ಅಮ್ಮನ ಹಾಗೆ. ಅಮ್ಮ ಅಂದರೆ ಹೇಗಿರುತ್ತದೆಂದು ನನಗೆ ಗೊತ್ತಾದದ್ದೇ ಈ ಮನೆಯಲ್ಲಿ. ಅವರ ಬಾಯಲ್ಲಿ ಆ ಮಾತು ನನಗೆ ಬರಬಾರದು. ಅತ್ತೆಗೆ ಗೊತ್ತಾಗಬಾರದು, ನನ್ನ ಮಗಳ ಆಣೆ’ ಎಂದಳು.

ನಮ್ಮ ಕೆಲಸದ ಮೊದಲ ಪಾಠ ನಿನಗೂ ಗೊತ್ತು, ನನಗೂ ಗೊತ್ತು. ಕಾಯಿಲೆ ಇರುವವರು ಒಪ್ಪದೆ ಯಾರಿಗೂ ಹೇಳುವ ಹಾಗಿಲ್ಲ. ಮಾತ್ರೆ ಕೊಟ್ಟು ಬಂದೆ. ಸೌದೆ ಕೊಟ್ಟಿಗೆಯಲ್ಲಿ ಅಡಗಿಸಿ ಕೆಲವು ದಿನ ನುಂಗಿದಳಂತೆ. ಆಮೇಲೆ ಫೋನ್ ಮಾಡಿದರೆ ಸ್ವಿಚ್ಡ್ ಆಫ್. ಜಿತೇಶನಿಗೆ ಮಾಡಿದೆ. ‘ನನ್ನ ಹತ್ತಿರ ತಕ್ಕೊಳ್ತಾ ಇದ್ದೇನೆ ಅಂತಾಳಲ್ಲ ಅಕ್ಕ’ ಎಂದ ಪಾಪ.

ಮಳೆಗಾಲದಲ್ಲಿ ಜ್ವರ ಶುರುವಾಯಿತು, ಜೊತೆಗೆ ತಡೆಯಲಾಗದ ತಲೆನೋವು. ವಾರಿಜಕ್ಕ ಹತ್ತಿರದ ಡಾಕ್ಟರರಿಗೆ ತೋರಿಸಿದರು. ಇವಳು ಅವರಿಗೂ ಹೇಳಲಿಲ್ಲ, ಅವರು ಮಾಮೂಲಿ ಜ್ವರಕ್ಕೆ ಮದ್ದು ಕೊಟ್ಟರು. ಮಂಗಳೂರಿಗೆ ಕೊಂಡುಹೋಗುವಾಗ ಮಾತು ತೊದಲುತ್ತಿತ್ತು. ಕ್ಷಯ ಮೆದುಳಿಗೆ ಏರಿತ್ತು. ಜಿತೇಶ್ ಮಸ್ಕತ್ತಿನಿಂದ ಓಡಿಬಂದ. ಅವನನ್ನು ಗುರುತು ಹಿಡಿದಳು, ಮಗುವಿನ ಹೆಸರು ಹೇಳಿದಳು, ಅಷ್ಟೇ.

ಹೆಣ ಬೆಳ್ತಂಗಡಿಯ ಮನೆಗೆ ತಂದ ದಿನ ನಾನು ಡೊಂಬಯ್ಯಣ್ಣನ ಜೊತೆ ಹೋದೆ. ಅಂಗಳಕ್ಕೆ ಇಳಿಯಲಿಲ್ಲ. ಅಮ್ಮಣ್ಣಿ ಬಂದಿದ್ದಾಳೆ ಎಂದು ಒಬ್ಬರಿಗೆ ಗುರುತಾದರೂ ಹುಡುಗಿ ಯಾವುದರಲ್ಲಿ ಹೋದಳೆಂದು ಊರಿಗೇ ಗೊತ್ತಾಗುತ್ತದೆ. ರಸ್ತೆ ಬದಿಯ ಬಸ್ ತಂಗುದಾಣದಲ್ಲಿ ಕೊಡೆ ಬಿಡಿಸಿ ಮುಖ ಮರೆಮಾಡಿ ನಿಂತೆ. ಡೊಂಬಯ್ಯಣ್ಣ ಒಳಗೆ ಹೋಗಿ ನನ್ನ ಪಾಲಿನ ನೀರನ್ನೂ ಅವಳ ಬಾಯಿಗೆ ಬಿಟ್ಟು ಬಂದರು. ‘ಮುಖ ಶಾಂತ ಉಂಟು ಅಕ್ಕ’ ಎಂದರು. ಬಸ್ಸಿಗೆ ಕಾದಿದ್ದ ಒಬ್ಬ ಹೆಂಗಸು, ‘ನಿಮಗೆ ಎಂತ ಆಗಬೇಕು ಅವರು?’ ಎಂದು ಕೇಳಿದಳು. ಏನೂ ಇಲ್ಲ, ಹೀಗೇ ನಿಂತೆ ಎಂದೆ.

ಮಗು ಚೆನ್ನಾಗಿದೆ. ಇಲ್ಲಿಯವರೆಗಿನ ಪರೀಕ್ಷೆಗಳಲ್ಲಿ ಏನೂ ಇಲ್ಲ. ಒಂದೂವರೆ ವರ್ಷಕ್ಕೆ ಕೊನೆಯದೊಂದು ಬಾಕಿ. ಅದೊಂದು ಸರಿಯಾಗಲಿ ಎಂದು ನೀನೂ ದುವಾ ಮಾಡು, ನಾನು ನಮ್ಮ ದೈವಗಳಿಗೆ ಹೇಳಿದ್ದೇನೆ.

ನೀನು ಊಟ ಬಿಟ್ಟು ಅಳುತ್ತಾ ಕೂರಬೇಡ. ಆ ಹುಡುಗಿಗೆ ಬದುಕಿನ ಅಷ್ಟು ವರ್ಷಗಳನ್ನು ಕೊಟ್ಟವರಲ್ಲಿ ನೀನೂ ಒಬ್ಬಳು. ನಿನ್ನ ಮನೆ ತಂಪಾಗಿರಲಿ, ಮಕ್ಕಳ ತಲೆಯ ಮೇಲೆ ನಿಮ್ಮಿಬ್ಬರ ಕೈ ಬಹಳ ಕಾಲ ಇರಲಿ.

ಇಂತು ನಿನ್ನ
ಅಮ್ಮಣ್ಣಿಯಕ್ಕ

ಮತ್ತೆ ಬರೆಯುವುದು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕಳೆದ ವಾರ ವಾರಿಜಕ್ಕ ನಮ್ಮ ಆಫೀಸಿಗೆ ಬಂದಿದ್ದರು. ಎರಡು ಬಸ್ಸು ಬದಲಿಸಿ, ಮಗುವನ್ನು ಎತ್ತಿಕೊಂಡು. ಆಸ್ಪತ್ರೆಯಲ್ಲಿ ಜಿತೇಶ್ ಎಲ್ಲ ಹೇಳಿದ್ದನಂತೆ. ಜಗಳಕ್ಕೆ ಬಂದಿರಬಹುದು ಎಂದು ಎದ್ದು ನಿಂತೆ. ಅವರು ಕೂತು ಬೆವರು ಒರೆಸಿಕೊಂಡು, ‘ಅಂಗನವಾಡಿಯ ಬೇಲಿ ಹತ್ತಿರ ಅವಳೊಟ್ಟಿಗೆ ಮಾತಾಡಿದ್ದು ನೀವೇ ಅಲ್ಲವಾ? ನಾನು ಅಲ್ಲೇ ಜಗಲಿಯಲ್ಲಿ ಕೂತಿದ್ದೆ’ ಎಂದರು. ಆಮೇಲೆ ಮೆಲ್ಲಗೆ ಹೇಳಿದರು: ‘ಊರಿನವರ ವಿಷಯದಲ್ಲಿ ಬಾಯಿಗೆ ಬಂದ ಹಾಗೆ ಏನೋ ಆಡಿರಬಹುದು. ಅವಳು ನಮ್ಮ ಹುಡುಗಿ ಅಲ್ಲವಾ ಅಕ್ಕ? ನನಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಾತ್ರೆ ನಾನೇ ಕೈಯಾರೆ ಕೊಡ್ತಿದ್ದೆ. ಅನ್ನ ಕೊಟ್ಟ ಹಾಗೆ ಕೊಡ್ತಿದ್ದೆ.’

ನಮ್ಮ ನಿಯಮದ ಮಾತು ಬಾಯಿಯವರೆಗೆ ಬಂತು. ನೀರು ತರುತ್ತೇನೆ ಎಂದು ಎದ್ದು ಹೋದವಳು, ಅವರ ಬಸ್ಸು ಹೋಗುವವರೆಗೆ ಹಿತ್ತಿಲ ಬಾಗಿಲಲ್ಲೇ ನಿಂತಿದ್ದೆ. ನೀನಾಗಿದ್ದರೆ ಆವತ್ತು ಜಗಲಿಗೆ ಹೋಗಿ ಹೇಳುತ್ತಿದ್ದೆಯಾ, ಹಫ್ಸ? ಸಮಾಧಾನಕ್ಕೆಂದು ಬರೆಯಬೇಡ. ನಿಜ ಹೇಳು.