ಬಿಚ್ಚಿಸಿದ ಮಾಲೆ

ಹಲಸೂರು
೨೭ ಡಿಸೆಂಬರ್ ೨೦೦೪

ಗುರುಸ್ವಾಮಿಯವರೇ,

ನಿಮಗೆ ಶರಣು ಎಂದು ಬರೆಯಲು ನನಗೆ ಮನಸ್ಸಿಲ್ಲ. ಹೋದ ವಾರ ಭಜನೆಯಲ್ಲಿ ನಮ್ಮ ಮನೆಯವರ ನಾಲಿಗೆ ತೊದಲಿತು, ಕಾಲು ತಡವರಿಸಿತು. "ಕುಡ್ಕೊಂಡು ಬಂದಿದ್ದೀರಾ? ಮಾಲೆ ಬಿಚ್ರೀ" ಎಂದು ಎಲ್ಲರೆದುರು ಅಯ್ಯಪ್ಪನ ಮಾಲೆ ತೆಗೆಸಿದಿರಿ. ಒಮ್ಮೆ ಬಾಯಿ ಮೂಸಿದ್ದರೂ ಸಾಕಿತ್ತಲ್ಲ!

ನಿನ್ನೆ ತಲೆ ಸ್ಕ್ಯಾನ್ ಮಾಡಿಸಿದೆವು. ರಕ್ತ ಹರಿಯುವುದು ನಿಂತು ಮಿದುಳಿನಲ್ಲಿ ಸಣ್ಣ ಸಣ್ಣ ಕಲೆಗಳಾಗಿವೆಯಂತೆ. ಕೆಲವು ಹಳೆಯವು, ಒಂದು ಹೊಸದು, ಭಜನೆಯ ದಿನದ್ದೇ ಎಂದರು ಡಾಕ್ಟರು. ಈ ವಯಸ್ಸಿನವರೆಗೂ ಹೆಂಡ ಮುಟ್ಟದ ಮನುಷ್ಯ ಈಗಲೂ "ನಂದೇ ಏನರ ತಪ್ಪಾಗಿರಬೇಕು ಬಿಡು" ಎನ್ನುತ್ತಾರೆ.

ನಾಳೆ ಅಂದು ಭಜನೆಯಲ್ಲಿದ್ದ ಅಷ್ಟೂ ಜನರನ್ನು ನಮ್ಮ ಮನೆಗೆ ಕರೆತಂದು ನೀವೇ ನಮ್ಮ ಮನೆಯವರಿಗೆ ಮಾಲೆ ಹಾಕಿ. ಅವರು ನಿಮ್ಮ ಕಾಲಿಗೆ ಬೀಳಲು ಬರುತ್ತಾರೆ. ತಡೆಯಿರಿ. ಬಿದ್ದರೆ ಎದ್ದು ನಿಲ್ಲಲು ಅವರಿಂದ ಇನ್ನು ಆಗದು.

ಪೀರಪ್ಪನವರ ಹೆಂಡತಿ,
ಜಟ್ಟೆಮ್ಮ